ಯಾರ ಮೊಳ

ರೇಸಿನ ಸೈಕಲ್ ತುಳಿಯುವವರಿಗೆ ಸೀಟಿನ ಎತ್ತರವೆಂದರೆ ಊಟದಲ್ಲಿ ಉಪ್ಪಿದ್ದ ಹಾಗೆ. ಒಂದು ಬೆರಳು ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಸಿಂದಗಿಯಲ್ಲಿ ಆ ಉಪ್ಪು ಹಾಕುವ ಕೈ ಪರಶುವಿನದು.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಅರ್ಧದಲ್ಲಿ ಸೈಕಲ್ ರಿಪೇರಿ, ಇನ್ನರ್ಧದಲ್ಲಿ ಹೆಂಡತಿ ಯಶೋಧಾಳ ಹೊಲಿಗೆ ಮಿಷನ್. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ, ಪಕ್ಕದಲ್ಲಿ ರೇವಪ್ಪ ಉಸ್ತಾದರ ಫೋಟೊ. ಉಸ್ತಾದರು ತೀರಿಹೋಗಿ ಎಂಟು ವರ್ಷವಾಯಿತು. ಮೂವತ್ತು ವರ್ಷ ಈ ಭಾಗದ ಹುಡುಗರಿಗೆ ಸೈಕಲ್ ರೇಸ್ ಕಲಿಸಿದ ಮನುಷ್ಯ. ಆರಡಿ ಆಳು, ಪೈಲ್ವಾನನ ಮೈಕಟ್ಟು. ಪರಶುವಿಗೆ ಪಾನಾ ಹಿಡಿದು ಬೋಲ್ಟ್ ಬಿಗಿಯಲು ಕಲಿಸಿದವರೂ ಅವರೇ.

ಉಸ್ತಾದರ ಲೆಕ್ಕ ಸರಳ. ಪೆಡಲ್ ತಿರುಗುವ ನಡು ಅಚ್ಚಿನಿಂದ ಸೀಟಿನವರೆಗೆ ಒಂದು ಮೊಳ, ಅದರ ಮೇಲೊಂದು ಗೇಣು. ಗಿಡ್ಡ ಇದ್ದವರಿಗೆ ಮೂರು ಬೆರಳು ಕಡಿಮೆ. ಕೈಯನ್ನು ಸೈಕಲ್ಲಿಗೆ ಆನಿಸಿ ಅಳೆದರೆ ಮುಗಿಯಿತು. ವಯಸ್ಸಾಗಿ ಅವರ ಕೈ ನಡುಗತೊಡಗಿದಾಗ ಪರಶು ಒಂದು ಬೆತ್ತ ತಂದು, ಅವರ ಮೊಳಕ್ಕೆ ಸರಿಯಾಗಿ ಕತ್ತರಿಸಿ, ಗೇಣಿಗೊಂದು, ಬೆರಳಿಗೊಂದು ಗುರುತು ಕೊರೆದಿಟ್ಟುಕೊಂಡ. ಗುರುವಿನ ಮೊಳ ಕೂದಲಷ್ಟೂ ತಪ್ಪಬಾರದು ಎಂದು. ಹುಡುಗಿಯರು ರೇಸಿಗೆ ಬರತೊಡಗಿದ ಮೇಲಂತೂ ಆ ಬೆತ್ತ ಇನ್ನೂ ಅನುಕೂಲವಾಯಿತು. ಪರರ ಮನೆಯ ಹೆಣ್ಣುಮಕ್ಕಳ ಮೈಗೆ ಟೇಪು ಹಿಡಿಯುವುದು ಯಾರಿಗೆ ಬೇಕು? ಸೈಕಲ್ ಅಳೆದರೆ ಸಾಕು. ಅಳೆದಾದ ಮೇಲೆ ಸೀಟಿನ ಕೊಳವೆಯ ಮೇಲೆ ಮೊಳೆಯಿಂದ ಒಂದು ಗೀರು ಎಳೆಯುತ್ತಿದ್ದ. ಆ ಗೀರು ದಾಟಿ ಯಾರಾದರೂ ಸೀಟು ಸರಿಸಿದ್ದು ಕಣ್ಣಿಗೆ ಬಿದ್ದರೆ ಓಣಿಯೆಲ್ಲ ಕೇಳುವ ಹಾಗೆ ಬೈಗುಳ.

ಬೈಯುವುದರಲ್ಲಿ ಪರಶು ಹೆಸರುವಾಸಿ. ಆ ಸಿಟ್ಟಿಗೂ ಒಂದು ಬೇರಿತ್ತು. ಹತ್ತೊಂಬತ್ತರ ಹರೆಯದಲ್ಲಿ, ದೊಡ್ಡ ಆಯ್ಕೆಯ ಸೈಕಲ್ ರೇಸಿನಲ್ಲಿ ಅವನು ಮುಂದಿದ್ದವರ ಜೊತೆಯಲ್ಲೇ ಇದ್ದ. ಅರ್ಧ ದಾರಿಯಲ್ಲಿ ಎಡ ಮೊಣಕಾಲಿನ ಹಿಂದೆ ಕೊಕ್ಕೆ ಹಾಕಿ ಜಗ್ಗಿದಂತಾಗಿ ರಸ್ತೆಯ ಬದಿಗೆ ಕುಳಿತುಬಿಟ್ಟ. ಉಸ್ತಾದರು ಬಂದು ನೋಡಿ, "ನಿನ್ನ ಕಾಲಿಗೇನೂ ಆಗಿಲ್ಲಪಾ. ಎದಿಯೊಳಗ ದಮ್ ಇಲ್ಲ" ಎಂದು ಹೇಳಿ ಹೊರಟುಹೋದರು. ಪರಶು ಅದನ್ನು ನಂಬಿದ. ಇಪ್ಪತ್ತೇಳು ವರ್ಷ ನಂಬಿದ. ತನ್ನಲ್ಲಿ ಇಲ್ಲದ್ದನ್ನು ಊರ ಮಕ್ಕಳ ಎದೆಯಲ್ಲಿ ಬೈದು ಬೈದು ತುಂಬಲು ನೋಡಿದ.

ಈಗ ಅದೇ ಮಾತನ್ನು ಮಗಳು ಸಾಕ್ಷಿಗೆ ಹೇಳುತ್ತಿದ್ದ.

ಸಾಕ್ಷಿಗೆ ಹದಿನೇಳು. ಮುಂದಿನ ತಿಂಗಳು ಬಸವನ ಬಾಗೇವಾಡಿ ರಸ್ತೆಯಲ್ಲಿ ಆಯ್ಕೆಯ ರೇಸ್. ಈ ಭಾಗದಿಂದ ರಾಜ್ಯದ ತಂಡಕ್ಕೆ ಇಬ್ಬರೇ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ. ಮೊದಲ ಜಾಗ ಇಂಡಿ ಊರಿನ ಹುಡುಗಿಯದು, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಎರಡನೆಯದಕ್ಕೆ ಇಬ್ಬರ ನಡುವೆ ಜಿದ್ದು: ಒಬ್ಬಳು ಸಾಕ್ಷಿ, ಇನ್ನೊಬ್ಬಳು ಕನ್ನೊಳ್ಳಿಯ ದಾನೇಶ್ವರಿ. ಇಬ್ಬರ ಸೀಟೂ ಪರಶು ಕೂಡಿಸಿದ್ದೇ. ಸಾಕ್ಷಿಗೆ ದೇವರ ಹಿಪ್ಪರಗಿ ದಾಟುವ ಹೊತ್ತಿಗೆ ಎಡ ಮೊಣಕಾಲಿನ ಹಿಂದೆ ಹಿಡಿಯುತ್ತಿತ್ತು.

ಹೀಗಿರುವಾಗ ಒಂದು ದಿನ ಚೇತನಕುಮಾರ ಅಂಗಡಿಗೆ ಬಂದ. ಕಾಳುಕಡಿಯ ಅಡತಿ ಅಂಗಡಿಯ ಮಾಲೀಕ, ಹೊಟ್ಟೆ ಕರಗಿಸಲು ಎರಡು ಲಕ್ಷದ ಸೈಕಲ್ ತೆಗೆದುಕೊಂಡವನು.

"ಪರಶು, ಮಗಳನ್ನ ಹುಬ್ಬಳ್ಳಿಗೆ ಕರ್ಕೊಂಡ ಹೋಗು. ಅಲ್ಲಿ ಹುಮಾ ಅಂತ ಒಬ್ಬಾಕಿ ಅದಾಳ. ಮೈ ಅಳತಿ ತಗೊಂಡು ಸೈಕಲ್ ಫಿಟಿಂಗ್ ಮಾಡ್ತಾಳ. ನಾ ಮಾಡಿಸ್ಕೊಂಡು ಬಂದೇನಿ."

"ಎಷ್ಟ ತಗೊಂಡ್ಲರಿ?"

"ಒಂಬತ್ತು ಸಾವಿರ."

"ಸೀಟ ಎಷ್ಟ ಸರಿಸಿದ್ಲು?"

"ಒಂದು ಬೆರಳು."

"ಬೆರಳಿಗೆ ಒಂಬತ್ತು ಸಾವಿರ. ಪುಣ್ಯಾಕ್ಕ ಗೇಣು ಸರಿಸಲಿಲ್ಲ ಬಿಡ್ರಿ ಸಾವ್ಕಾರ್ರ, ಅಂಗಡಿ ಬರಕೊಡಬೇಕಾಗತಿತ್ತು."

"ನಗು, ನಗು. ಎರಡು ವರ್ಷದಿಂದ ನಡಾ ನೋಯ್ತಿತ್ತು. ಈಗ ಇಲ್ಲ."

"ನಿಮ್ಮ ನಡಾ ನೋಯ್ತಿದ್ದದ್ದು ಸೈಕಲ್ಲಿನಿಂದಲ್ರಿ, ದಿನಾ ಅಂಗಡ್ಯಾಗ ಕೂಡೂ ಗಾದಿಯಿಂದ. ಅದಕ್ಕ ಫಿಟಿಂಗ್ ಯಾಕ ಬೇಕು?"

ಚೇತನಕುಮಾರ ಸಿಟ್ಟಾಗಲಿಲ್ಲ. ಮಿಷನ್ ತುಳಿಯುತ್ತಿದ್ದ ಯಶೋಧಾಳ ಕೈಗೆ ಹುಮಾಳ ನಂಬರ್ ಬರೆದ ಚೀಟಿ ಕೊಟ್ಟು ಹೋದ. ಪರಶು ಅದನ್ನು ನೋಡಿಯೂ ನೋಡದವನಂತೆ ಕುಳಿತ.

ನಾಲ್ಕು ದಿನದ ಮೇಲೆ ಸಾಕ್ಷಿ ಬೆಳಗಿನ ತಾಲೀಮಿನಿಂದ ಸೈಕಲ್ ತಳ್ಳಿಕೊಂಡು ಬಂದಳು. ಆರು ಕಿಲೋಮೀಟರ್ ಕುಂಟುತ್ತ ನಡೆದಿದ್ದಳು. ಪರಶು ಬಾಯಿ ತೆರೆಯುವ ಮೊದಲೇ ಯಶೋಧಾ ಕತ್ತರಿ ಕೆಳಗಿಟ್ಟಳು.

"ಶುಕ್ರವಾರ ಹನ್ನೊಂದಕ್ಕ ಬರಾಕ ಹೇಳ್ಯಾಳ ಆಕಿ. ನೀವ ಕರ್ಕೊಂಡ ಹೋಗ್ತಿದ್ರ ಹೋಗ್ರಿ. ಇಲ್ಲಂದ್ರ ಅಂಗಡಿಗೆ ಕೀಲಿ ಹಾಕಿ ನಾ ಹೊಕ್ಕೇನಿ."

"ಯಾರನ್ನ ಕೇಳಿ ಫೋನ್ ಮಾಡಿದಿ?"

"ಆಕಿ ಕಾಲನ್ನ ಕೇಳಿ."

ಪರಶು ಹೊರಟ. ಬಸ್ಸಿನ ಮೇಲೆ ಸೈಕಲ್ ಕಟ್ಟಿ, ವಿಜಯಪುರದಲ್ಲಿ ಇಳಿದು ಮತ್ತೆ ಮೇಲೆ ಹತ್ತಿ ಹಗ್ಗ ಎಳೆದು ನೋಡಿ, ಕಿಟಕಿಗೆ ತಲೆ ಆನಿಸಿ ಕುಳಿತ. ಆ ಹೆಂಗಸು ಸೀಟು ಮುಟ್ಟಿ ಮಗಳ ಕಾಲು ಸರಿಹೋಯಿತೋ, ಇಪ್ಪತ್ತು ವರ್ಷದ ತನ್ನ ಹೆಸರು ಮಣ್ಣಾಯಿತು. ಸರಿಹೋಗಲಿಲ್ಲವೋ, ಮಗಳ ಕಾಲು ಮಣ್ಣಾಯಿತು. ಇದರಲ್ಲಿ ಯಾವುದಾಗಲಿ ಎಂದು ಬೇಡಿಕೊಳ್ಳಬೇಕು? ಮಗಳ ತಂದೆಯಾಗಿ ಅದು ಕೇಳುವ ಪ್ರಶ್ನೆಯೇ ಅಲ್ಲ. ಆದರೂ ಹುಬ್ಬಳ್ಳಿ ಬರುವವರೆಗೂ ಅವನು ಅದನ್ನೇ ಕೇಳಿಕೊಳ್ಳುತ್ತಿದ್ದ, ಕೇಳಿಕೊಂಡದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದ.

ಹುಮಾಳ ಅಂಗಡಿಯಲ್ಲಿ ಅಂಗಡಿಯ ಲಕ್ಷಣವೇ ಇರಲಿಲ್ಲ. ಗ್ರೀಸಿನ ವಾಸನೆಯಿಲ್ಲದ ಬಿಳಿ ಖೋಲಿ. ಆಕೆಗೆ ಮೂವತ್ತೈದರ ಆಸುಪಾಸು, ಮೊದಲು ಆಸ್ಪತ್ರೆಯಲ್ಲಿ ಮೂಳೆ ಮುರಿದವರಿಗೆ ವ್ಯಾಯಾಮ ಮಾಡಿಸುತ್ತಿದ್ದವಳಂತೆ. ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸುವ ಮೊದಲು ಮುಕ್ಕಾಲು ಗಂಟೆ ಸಾಕ್ಷಿಯ ಜೊತೆ ಮಾತಾಡಿದಳು. ನಿದ್ದೆ ಎಷ್ಟು, ನೋವು ಎಲ್ಲಿ ಶುರುವಾಗುತ್ತದೆ, ಬಿದ್ದದ್ದುಂಟೋ. ಆಮೇಲೆ ಸಾಕ್ಷಿಯನ್ನು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ತೊಡೆಗಳ ನಡುವೆ ಒಂದು ದಪ್ಪ ಪುಸ್ತಕ ಇಟ್ಟು, ನೆಲದಿಂದ ಪುಸ್ತಕದವರೆಗೆ ಟೇಪು ಹಿಡಿದು ಅಳೆದಳು. ಪರಶು ಗೋಡೆಯ ಕಡೆ ತಿರುಗಿ ನಿಂತ.

ಸೊಂಟಕ್ಕೆ, ಮೊಣಕಾಲಿಗೆ, ಕಾಲಿನ ಹರಡಿಗೆ ಚುಕ್ಕಿ ಅಂಟಿಸಿ ಸಾಕ್ಷಿಗೆ ಪೆಡಲ್ ತುಳಿಯಲು ಹೇಳಿದಳು. ಕಂಪ್ಯೂಟರಿನ ಪರದೆಯ ಮೇಲೆ ಮಗಳ ಕಾಲು ಗೆರೆಗೆರೆಯಾಗಿ ಮೇಲೆ ಕೆಳಗೆ ಆಡತೊಡಗಿತು.

"ಒಂಬತ್ತು ಸಾವಿರಕ್ಕ ಟೀವಿ ತೋರ್ಸಾಕತ್ತೀರಿ ಅಂದಂಗಾತು," ಎಂದ ಪರಶು.

ಹುಮಾ ನಕ್ಕಳು. "ಟೀವಿ ಬಿಡ್ರಿ ಅಣ್ಣಾರ, ಆಕಿ ನಡಾ ನೋಡ್ರಿ. ಹಿಂದಿನಿಂದ ನೋಡ್ರಿ."

ಪರಶು ನೋಡಿದ. ಪ್ರತಿ ತುಳಿತಕ್ಕೂ ಮಗಳ ಸೊಂಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಕ್ಕಡಿಯ ಹಾಗೆ ಓಲಾಡುತ್ತಿತ್ತು. ಪೆಡಲ್ ಕೆಳಗೆ ಹೋದಾಗ ಕಾಲು ಎಟುಕುತ್ತಿರಲಿಲ್ಲ. ಹುಡುಗಿ ಮೈಯನ್ನೇ ಕೆಳಕ್ಕೆಳೆದು ಎಟುಕಿಸುತ್ತಿದ್ದಳು. ಇಷ್ಟು ವರ್ಷ ಅವನು ಆಕೆಯ ಮುಖ ನೋಡಿದ್ದ, ಗಡಿಯಾರ ನೋಡಿದ್ದ. ಹಿಂದಿನಿಂದ ನೋಡಿರಲಿಲ್ಲ.

"ಸೀಟ ಯಾರ ಕೂಡಿಸ್ಯಾರ್ರಿ ಇದು?"

"ನಾನ."

"ಹೆಂಗ ಅಳದ್ರಿ?"

"ಮೊಳದ ಮ್ಯಾಲ ಗೇಣು. ಮೂರು ಬೆರಳು ಕಡಿಮಿ."

"ಯಾರ ಮೊಳ?"

ಅವಳು ಕೊಂಕಿನಿಂದ ಕೇಳಲಿಲ್ಲ. ಬರೆದುಕೊಳ್ಳಲು ಪೆನ್ನು ಹಿಡಿದು ಕೇಳಿದಳು. ಪರಶುವಿಗೆ ಸಂತೆ ನೆನಪಾಯಿತು. ಸಂತೆಯಲ್ಲಿ ಹೂ ಮಾರುವವಳ ಕೈ ಗಿಡ್ಡವಿದ್ದರೆ ಯಶೋಧಾ ಮುಂದಿನ ಬುಟ್ಟಿಗೆ ಹೋಗುತ್ತಾಳೆ. ಮೊಳವೆಂದರೆ ಅಳೆಯುವವರದು, ಇದು ಯಾರಿಗೆ ಗೊತ್ತಿಲ್ಲ? ಆದರೆ ಸೀಟಿನ ಮೇಲೆ ಕೂಡುವವರದೂ ಒಂದು ಮೊಳವಿರುತ್ತದೆ ಎಂದು ಅವನ ತಲೆಗೆ ಎಂದೂ ಹೊಳೆದಿರಲಿಲ್ಲ. ಉಸ್ತಾದರಿಗೂ ಹೊಳೆದಿರಲಿಕ್ಕಿಲ್ಲ. ಅವರ ಗುರು ಹೇಳಿದ್ದು ಯಾರ ಮೊಳವನ್ನೋ.

"ನಮ್ಮ ಗುರುಗಳದು," ಎಂದ ಕಡೆಗೆ. "ಆರಡಿ ಇದ್ರು."

ಹುಮಾ ಪಾನಾ ತೆಗೆದುಕೊಂಡಳು. ಸೀಟು ಎರಡು ಬೆರಳು ಇಳಿಯಿತು. ಹ್ಯಾಂಡಲ್ ತುಸು ಹತ್ತಿರ ಬಂತು. ಸಾಕ್ಷಿ ಮತ್ತೆ ತುಳಿದಳು. ಸೊಂಟ ನಿಂತಲ್ಲೇ ನಿಂತಿತ್ತು.

"ಎಂಟು ದಿನ ಹಗೂರಕ ತುಳೀಬೇಕು. ಆಮ್ಯಾಲ ಜೋರು," ಎಂದು ಹುಮಾ ಸಾಕ್ಷಿಗೆ ಹೇಳಿ ಪರಶುವಿನ ಕಡೆ ತಿರುಗಿದಳು. "ನೀವೂ ಎಡಗಾಲಿನ ಮ್ಯಾಲ ಭಾರ ಹಾಕ್ದಂಗ ನಿಂತೀರಲ್ರಿ. ನಿಮಗೂ ಅಲ್ಲೇ ಹಿಡೀತದೇನು?"

"ನಾ ಬಂದಿದ್ದು ಆಕಿ ಸಲುವಾಗಿ," ಎಂದು ಪರಶು ಗುಡುಗಿ, ಸೈಕಲ್ ಎತ್ತಿಕೊಂಡು ಹೊರಗೆ ಬಂದ.

ಬಸ್ಸಿನಲ್ಲಿ ಅವನ ತಲೆಯಲ್ಲಿ ತಾನು ಹತ್ತೊಂಬತ್ತರಲ್ಲಿ ತುಳಿದ ಸೈಕಲ್ಲೇ ಇತ್ತು. ಅದನ್ನು ಮಾರಿ ಯಾವ ಕಾಲವಾಯಿತು. ಅದರ ಸೀಟು ಎಷ್ಟಿತ್ತೆಂದು ಈಗ ಯಾವ ಟೇಪೂ ಹೇಳುವುದಿಲ್ಲ. ಎದೆಯೊಳಗೆ ದಮ್ ಇರಲಿಲ್ಲವೋ, ಬರೀ ಸೀಟು ಎತ್ತರವಿತ್ತೋ. ಉತ್ತರ ಕೊಡಬೇಕಾದವರು ಫೋಟೊದಲ್ಲಿ ಕುಳಿತಿದ್ದಾರೆ. ಸಾಕ್ಷಿ ಪಕ್ಕದ ಸೀಟಿನಲ್ಲಿ ಮೆಲ್ಲಗೆ ಹೇಳಿದಳು, "ನಾ ಯಾರ ಮುಂದೂ ಹೇಳಂಗಿಲ್ಲ ಪಪ್ಪಾ." ಅವಳು ಜಗಳ ತೆಗೆದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಯಶೋಧಾ ಕೇಳಿದಳು, ಅವನು ಹೇಳಿದ. ಅವಳು ಅಡುಗೆ ಬಿಟ್ಟು ಅವನ ಮುಖವನ್ನೇ ನೋಡಿದಳು.

"ಆ ಬೆತ್ತ ನಾ ದಿನಾ ನೋಡ್ತಿದ್ನಿ. ಒಬ್ಬಾಕಿ ಅಳತಿ ಹಿಡದು ಊರ ಮಂದಿಗೆಲ್ಲ ಜಂಪರ ಹೊಲೀತಾರೇನು ಅಂತ ಅನಸ್ತಿತ್ತು. ಸೈಕಲ್ಲಿಂದು ಬ್ಯಾರೆ ಇರಬೇಕು, ನಿಮಗ ಗೊತ್ತಿರತೈತಿ ಅಂತ ಸುಮ್ನಿದ್ನಿ."

"ಹೇಳಬೇಕಿಲ್ಲೋ?"

"ನಿಮಗ? ಹೇಳಿ ಬದುಕಿದವರು ಯಾರದಾರ?"

ಹನ್ನೆರಡನೆಯ ದಿನ ಸಾಕ್ಷಿ ಬಾಗೇವಾಡಿಯವರೆಗೆ ತುಳಿದು, ತಿರುಗಿ ಬಂದು, ಮೊಣಕಾಲು ಮಡಿಸಿ ನೆಲದ ಮೇಲೆ ಕೂತು ರೊಟ್ಟಿ ತಿಂದಳು. ಪರಶು ಆ ಮಡಿಸಿದ ಕಾಲನ್ನು ನೋಡುತ್ತಲೇ ಇದ್ದ. ಒಂಬತ್ತು ಸಾವಿರ ಹೆಚ್ಚಲ್ಲ ಎನ್ನಿಸಿತು. ಆದರೆ ಈ ಭಾಗದಲ್ಲಿ ಇನ್ನೂ ಹದಿನಾಲ್ಕು ಜನ ಅದೇ ಬೆತ್ತದ ಅಳತೆಯ ಮೇಲೆ ಕುಳಿತು ತುಳಿಯುತ್ತಿದ್ದರು. ಅವರಲ್ಲಿ ಒಬ್ಬಳು ದಾನೇಶ್ವರಿ. ಅವಳು ಸಾಕ್ಷಿಗಿಂತ ಎರಡು ಬೆರಳು ಗಿಡ್ಡ. ಅವಳಿಗೆ ಹೇಳಿದರೆ ಮಗಳ ಎರಡನೆಯ ಜಾಗ ಹೋದೀತು. ಹೇಳದಿದ್ದರೆ?

ಅವನು ಒಂದು ಉಪಾಯ ಮಾಡಿದ. ಎಣ್ಣೆ ಬಿಡುವ ನೆಪದಲ್ಲಿ ದಾನೇಶ್ವರಿಯ ಸೈಕಲ್ ಇಸಿದುಕೊಂಡು, ಸೀಟು ಎರಡು ಬೆರಳು ಇಳಿಸಿ, ಸುಮ್ಮನೆ ಕೊಟ್ಟು ಕಳಿಸಿದ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ದಾನೇಶ್ವರಿ ಅಂಗಡಿಯ ಮುಂದೆ ನಿಂತಿದ್ದಳು.

"ಕಾಕಾ, ಸೀಟ ಜಾರಿತ್ರಿ. ಪುಣ್ಯಾಕ್ಕ ನಿಮ್ಮ ಗೀರು ಇತ್ತು. ಗೀರಿಗೆ ಸರಿಯಾಗಿ ಏರಿಸಿ ಬಿಗದೇನಿ. ಬೋಲ್ಟ್ ಸಡ್ಲಾಗಿರಬೇಕು, ನೋಡ್ರಿ."

ಪರಶು ಬೋಲ್ಟ್ ನೋಡಿದಂತೆ ಮಾಡಿದ. ನಾಲ್ಕು ದಿನ ಬಿಟ್ಟು ಮತ್ತೆ ಇಳಿಸಿದ. ಅವಳು ಮತ್ತೆ ಏರಿಸಿದಳು. ಈ ಸಲ ಹೊಸ ಬೋಲ್ಟನ್ನೇ ತಂದು ಹಾಕಿಸಿಕೊಂಡಳು. ಇನ್ನಿಬ್ಬರು ಹುಡುಗರಿಗೂ ಹೀಗೇ ಮಾಡಿ ನೋಡಿದ. ಗೀರು ದಾಟಬಾರದೆಂದು ಅವನೇ ಬೈದು ಕಲಿಸಿದ್ದನಲ್ಲ, ಒಬ್ಬರೂ ದಾಟಲಿಲ್ಲ. ಅವನ ಮಾತೇ ಅವನಿಗೆ ಗೋಡೆಯಾಗಿ ನಿಂತಿತು. ಬಾಯಿಬಿಟ್ಟು ಹೇಳದೆ ಆ ಗೋಡೆ ಬೀಳುವಂತಿರಲಿಲ್ಲ.

ರೇಸಿಗೆ ಹನ್ನೊಂದು ದಿನ ಉಳಿದಾಗ ದಾನೇಶ್ವರಿ ಮಧ್ಯಾಹ್ನದ ಬಿಸಿಲಲ್ಲಿ ಬಂದಳು. ಎಡ ಮೊಣಕಾಲಿಗೆ ಪಟ್ಟಿ ಸುತ್ತಿತ್ತು.

"ಏನೂ ಆಗಿಲ್ರಿ ಕಾಕಾ," ಎಂದಳು ಅವನು ಕೇಳುವ ಮೊದಲೇ. "ಬೈಬ್ಯಾಡ್ರಿ. ಮನಿಯೊಳಗ ಬೈಸ್ಕೊಂಡ ಬಂದೇನಿ. ಹೊಸಾ ಬೋಲ್ಟ್ ಬಿಗೀ ಐತೇನು ನೋಡ್ರಿ."

ಸಾಕ್ಷಿ ಚೈನು ಒರೆಸುತ್ತಿದ್ದಳು. ಯಶೋಧಾಳ ಮಿಷನ್ ನಿಂತಿತು. ಪರಶು ಪಾನಾ ಕೈಯಲ್ಲಿ ಹಿಡಿದು ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಕೂತರೆ ದಾನೇಶ್ವರಿಯ ಮುಖ ನೋಡುವ ಸಂಕಟವಿಲ್ಲ.

"ಬೋಲ್ಟ್ ಎಂದೂ ಸಡ್ಲಾಗಿದ್ದಿಲ್ಲವಾ. ನಾನ ಇಳಿಸಿದ್ನಿ, ಎರಡ ಸಲ. ಗೀರು ತಪ್ಪೈತಿ."

"ಗೀರು ನಿಮ್ದರಿ."

"ನಂದ. ಅದಕ್ಕ ತಪ್ಪೈತಿ. ನಿನಗ ಎತ್ತರ ಆಗತೈತಿ ಅದು."

ದಾನೇಶ್ವರಿ ತನ್ನ ಸೀಟು ನೋಡಿದಳು, ಪಕ್ಕದಲ್ಲಿ ನಿಂತ ಸಾಕ್ಷಿಯ ಸೈಕಲ್ಲಿನ ಸೀಟು ನೋಡಿದಳು.

"ನಿಂದು ಎಂದ ಇಳಿಸಿದ್ರು?"

ಸಾಕ್ಷಿ ಅಪ್ಪನ ಕಡೆ ನೋಡಲಿಲ್ಲ. "ಇಪ್ಪತ್ತ ದಿನ ಆತು. ಹುಬ್ಬಳ್ಳ್ಯಾಗ."

"ಇಪ್ಪತ್ತ ದಿನ," ಎಂದಳು ದಾನೇಶ್ವರಿ. "ನನಗ ನಾಲ್ಕು ವರ್ಷದಿಂದ ನೋಯ್ತೈತಿ."

ಪರಶು ಬಯ್ಯಿಸಿಕೊಳ್ಳಲು ತಯಾರಾಗಿದ್ದ. ಅವಳು ಬಯ್ಯಲಿಲ್ಲ. ಅವನು ಬೋಲ್ಟಿಗೆ ಪಾನಾ ಹಚ್ಚಿದಾಗ ಮಾತ್ರ ಕೈ ಚಾಚಿ ಸೀಟನ್ನು ಹಿಡಿದುಕೊಂಡಳು.

"ನೀವ ಬ್ಯಾಡ್ರಿ ಕಾಕಾ." ಮತ್ತೆ ಸಾಕ್ಷಿಗೆ, "ಅಲ್ಲಿ ಹೆಂಗ ಅಳದ್ರು, ನಿನಗ ನೆನಪೈತೇನು?"

"ಐತಿ."

"ಹಂಗಾದ್ರ ನೀ ಅಳಿ."

ಸಾಕ್ಷಿ ಎರಡನೆಯ ಜಾಗದ ಲೆಕ್ಕ ಹಾಕಿದಳೋ ಇಲ್ಲವೋ, ಅವಳ ಮುಖದಲ್ಲಿ ಕಾಣಲಿಲ್ಲ. ಕೈ ಒರೆಸಿಕೊಂಡು, ಅವ್ವನ ಹತ್ತಿರ ಟೇಪು ಇಸಿದುಕೊಂಡು, ತನ್ನ ಪಿಯುಸಿ ಪುಸ್ತಕಗಳಲ್ಲಿ ದಪ್ಪದೊಂದನ್ನು ಹಿಡಿದು ದಾನೇಶ್ವರಿಯನ್ನು ಒಳಖೋಲಿಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿತು. ಒಳಗಿನಿಂದ ಪುಸ್ತಕ ಗೋಡೆಗೆ ತಾಗಿದ ಸದ್ದು ಬಂತು, ನೆಟ್ಟಗೆ ನಿಲ್ಲು ಎಂದ ಮಾತು ಬಂತು.

ಪರಶು ಹೊರಗೆ ಎರಡೂ ಕೈಯಲ್ಲಿ ಸೈಕಲ್ ಹಿಡಿದು ನಿಂತಿದ್ದ. ಸ್ಟ್ಯಾಂಡಿಲ್ಲದ ಸೈಕಲ್, ಬಿಟ್ಟರೆ ಬೀಳುತ್ತಿತ್ತು. ಎಡಗಾಲು ಜೋಮು ಹಿಡಿಯತೊಡಗಿತು. ಹುಡುಗಿಯರು ಹೊರಗೆ ಬಂದರು. ಸಾಕ್ಷಿ ಬೋಲ್ಟ್ ಸಡಿಲಿಸಿ, ಟೇಪು ಹಿಡಿದು ಬಗ್ಗಿದಳು.

"ಕಾಕಾ," ಎಂದಳು ದಾನೇಶ್ವರಿ, "ಅಲುಗಾಡಿಸಬ್ಯಾಡ್ರಿ."

ಅವನು ಅಲುಗಾಡಿಸದೆ ಹಿಡಿದ.