ಟೈರು ಕಾಯುವವರೆಗೆ ಕಾಯುವುದು

ದೋಹಾದ ಅಲ್ ಮುಂತಜಾದಲ್ಲಿ ನಾನಿದ್ದ ಹಳೆಯ ಮನೆಯ ಅಡುಗೆಕೋಣೆಗೆ ಇದ್ದದ್ದು ಒಂದೇ ಕಿಟಕಿ. ಶುಕ್ರವಾರ ಬೆಳಿಗ್ಗೆ ಅದರ ಪಕ್ಕ ನಿಂತು ಉಪ್ಪಿಟ್ಟಿಗೆ ರವೆ ಹುರಿಯುವುದು ನನ್ನ ಇಡೀ ವಾರದ ಅತ್ಯಂತ ನಿಧಾನದ ಕೆಲಸವಾಗಿತ್ತು. ಬೇಕೆಂದೇ ನಿಧಾನ ಮಾಡುತ್ತಿದ್ದೆ. ಹತ್ತು ನಿಮಿಷದ ಕೆಲಸವನ್ನು ಅರ್ಧ ಗಂಟೆಗೆ ಎಳೆದರೆ ಆ ಖಾಲಿ ದಿನದಿಂದ ಅಷ್ಟಾದರೂ ಹೊತ್ತು ಕರಗುತ್ತದಲ್ಲ ಎನ್ನುವ ಲೆಕ್ಕಾಚಾರ. ಒಂಟಿಯಾಗಿ ಪರದೇಶದಲ್ಲಿದ್ದವರಿಗೆ ಗೊತ್ತಿರುತ್ತದೆ, ದುಡಿಯುವ ದಿನಗಳು ತಾವಾಗಿಯೇ ಹೋಗುತ್ತವೆ, ರಜೆಯ ದಿನವನ್ನು ನಾವೇ ತಳ್ಳಬೇಕು.

ಅದು ತೊಂಬತ್ತರ ದಶಕದ ನಡುಭಾಗ. ಕಟ್ಟಡ ಕಂಪನಿಯೊಂದರ ಕಚೇರಿಯಲ್ಲಿ ನಾನು ನಕ್ಷೆ ಬರೆಯುತ್ತಿದ್ದೆ. ಹೆಂಡತಿ ವಿಮಲಾ ಮೈಸೂರಿನ ತವರುಮನೆಯಲ್ಲಿದ್ದಳು; ನಾನು ಇತ್ತ ಬಂದ ಮೇಲೆ ಹುಟ್ಟಿದ ಮಗಳು ನನ್ನ ಪಾಲಿಗೆ ಎರಡು ಫೋಟೋಗಳಲ್ಲಿದ್ದಳು. ಅವರಿಬ್ಬರ ವೀಸಾ ವಿಚಾರಿಸಿದಾಗಲೆಲ್ಲ ಸಿಗುತ್ತಿದ್ದ ಉತ್ತರ ‘ಬುಕ್ರಾ’, ಅಂದರೆ ನಾಳೆ. ಅರಬ್ಬಿಯ ಆ ನಾಳೆ ನಮ್ಮ ನಾಳೆಗಿಂತ ಬಹಳ ಉದ್ದವಾದದ್ದು ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಆ ದಿನಗಳಲ್ಲೇ ನನ್ನ ಹಳೆಯ ಕಾರಿನ ಬ್ರೇಕು ಕಿರುಗುಟ್ಟತೊಡಗಿ, ಯಾರೋ ಹೇಳಿದರೆಂದು ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಹಸನಬ್ಬ, ಬಂಟ್ವಾಳದ ಕಡೆಯವರು, ಐವತ್ತು ದಾಟಿದ ಸಣಕಲು ಮನುಷ್ಯ. ಚಕ್ರ ಬಿಚ್ಚಿ ಒಳಗೆ ನೋಡಿದವರು ನನ್ನ ಕಡೆ ತಿರುಗಿ ಶುದ್ಧ ಕನ್ನಡದಲ್ಲಿ ಹೇಳಿದರು, “ನೀವು ಗಾಡಿ ಓಡಿಸುವ ಜನ ಅಲ್ಲ ಮಾರಾಯ್ರೆ, ಗಾಡಿ ನಿಲ್ಲಿಸುವ ಜನ.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಷ್ಟೋ ದಿನಗಳಿಂದ ನನ್ನ ಬಗ್ಗೆ ಯಾರೂ ಅಷ್ಟು ಗಮನಕೊಟ್ಟು ಒಂದು ಮಾತು ಆಡಿರಲಿಲ್ಲ. “ಓಡಿಸೋದು ಹೇಗೆ ಅಂತ ಯಾರು ಹೇಳಿಕೊಡ್ತಾರೆ ಸಾಹೇಬ್ರೇ?” ಎಂದೆ.

“ಶುಕ್ರವಾರ ಎಂತ ಮಾಡ್ತೀರಿ?”

“ಉಪ್ಪಿಟ್ಟು.”

ಅವರು ನಕ್ಕು, ಬೆಳಿಗ್ಗೆ ಏಳಕ್ಕೆ ಗ್ಯಾರೇಜಿನ ಹತ್ತಿರ ಬನ್ನಿ ಎಂದರು.

ಇಂಡಸ್ಟ್ರಿಯಲ್ ಏರಿಯಾ ದಾಟಿದ ಮೇಲೆ, ಒಬ್ಬ ಖತಾರಿಯ ಖಾಲಿ ಜಾಗದಲ್ಲಿ, ಜಲ್ಲಿ ಮತ್ತು ಮರಳನ್ನು ರೋಲರಿನಿಂದ ಬಡಿದು ಕೂರಿಸಿದ ಮೊಟ್ಟೆಯಾಕಾರದ ಒಂದು ದಾರಿ. ಸುತ್ತಲೂ ಮರಳು ತುಂಬಿದ ಹಳೆಯ ಟೈರುಗಳ ಕಟ್ಟೆ. ಒಂದು ಸುತ್ತಿಗೆ ಅರ್ಧ ನಿಮಿಷವೂ ಬೇಡ. ಚಳಿಗಾಲದ ಶುಕ್ರವಾರಗಳಲ್ಲಿ ಏಳೆಂಟು ಮಂದಿ ಅಲ್ಲಿ ಹಳೆಯ ಕಾರುಗಳ ರೇಸು ನಡೆಸುತ್ತಿದ್ದರು. ಕಾರುಗಳ ಗಾಜು ಕಿತ್ತು, ಬಾಗಿಲು ಬೆಸುಗೆ ಹಾಕಿ ಮುಚ್ಚಿ, ಮಗುಚಿದರೆ ತಲೆ ಉಳಿಯಲೆಂದು ಒಳಗೆ ಕಬ್ಬಿಣದ ಕೊಳವೆಗಳ ಪಂಜರ ಕಟ್ಟಿದ್ದರು. ಇದನ್ನೆಲ್ಲ ಹೊಂದಿಸುತ್ತಿದ್ದವನು ಪೀಟರ್ ಎಂಬ ಇಂಗ್ಲಿಷ್ ಸರ್ವೇಯರ್, ಎಲ್ಲರಿಗಿಂತ ವೇಗಿ. ಹಸನಬ್ಬನವರದೂ ಒಂದು ನೀಲಿ ಕಾರಿತ್ತು. ಆದರೆ ಅವರು ಅದನ್ನು ಓಡಿಸುತ್ತಿರಲಿಲ್ಲ. ಯಾಕೆಂದು ಕೇಳಿದರೆ, “ಸೊಂಟ ಮಾರಾಯ್ರೆ” ಎಂದು ಹೇಳಿ ನನ್ನನ್ನೇ ಅದರಲ್ಲಿ ಕೂರಿಸಿದರು.

ಮೊದಲ ರೇಸಿನಲ್ಲಿ ನಾನು ಮಾಡಿದ್ದು ಇಷ್ಟೇ: ಪೀಟರನ ಕಾರಿನ ಹಿಂಬದಿಯನ್ನು ದುರುಗುಟ್ಟಿ ನೋಡುತ್ತಾ ಅದರ ಬೆನ್ನು ಬಿದ್ದೆ, ತಿರುವಿನಲ್ಲಿ ಗಾಬರಿಯಾಗಿ ಬ್ರೇಕು ಒತ್ತಿದೆ, ಕಾರು ನನ್ನ ಮಾತು ಕೇಳದೆ ಜಾರಿಕೊಂಡು ಹೋಗಿ ಟೈರಿನ ಕಟ್ಟೆಗೆ ಮುಖ ಕೊಟ್ಟಿತು. ಹಸನಬ್ಬ ನಿಧಾನವಾಗಿ ನಡೆದು ಬಂದು ಕಿಟಕಿಯಲ್ಲಿ ಬಗ್ಗಿದರು.

“ಎಲ್ಲಿಗೆ ನೋಡ್ತಾ ಇದ್ರಿ?”

“ಮುಂದಿನ ಗಾಡೀನ.”

“ಅವನ ಗಾಡಿ ಅವನು ನೋಡಿಕೊಳ್ತಾನೆ. ನಿಮಗೆ ಹೋಗ್ಲಿಕ್ಕೆ ಇರುವ ಜಾಗ ಉಂಟಲ್ಲ, ಅದನ್ನು ನೋಡಿ. ಕಣ್ಣು ಎಲ್ಲಿ ಹೋಗ್ತದೋ ಕೈ ಅಲ್ಲಿಗೇ ಹೋಗ್ತದೆ.”

ಅಲ್ಲಿಂದ ಆರು ವಾರ ಅವರು ನನ್ನನ್ನು ರೇಸಿಗೆ ಬಿಡಲಿಲ್ಲ. ಉಳಿದವರು ಮುಗಿಸಿದ ಮೇಲೆ ಒಬ್ಬನೇ ಇಪ್ಪತ್ತು ಸುತ್ತು ಹಾಕಬೇಕು, ಅವರು ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದರು. ವೇಗ ಅವರಿಗೆ ಬೇಕಿರಲಿಲ್ಲ. ಇಪ್ಪತ್ತೂ ಸುತ್ತು ಒಂದೇ ಹೊತ್ತು ತೆಗೆದುಕೊಳ್ಳಬೇಕು, ಅಷ್ಟೇ. ನೇರದಾರಿಯಲ್ಲಿರುವಾಗಲೇ ಬ್ರೇಕು ಮುಗಿಸಬೇಕು. ಬ್ರೇಕನ್ನು ಒತ್ತುವುದಕ್ಕಿಂತ ಬಿಡುವುದು ಮೆತ್ತಗಿರಬೇಕು. ಸ್ಟೀರಿಂಗನ್ನು ಒಮ್ಮೆ ತಿರುಗಿಸಿದ ಮೇಲೆ ಕೈ ಸುಮ್ಮನಿರಬೇಕು. ಪಕ್ಕದಲ್ಲಿ ಇನ್ನೊಬ್ಬನಿದ್ದರೆ ಅವನಿಗೊಂದು ಕಾರಿನಷ್ಟು ಜಾಗ ಬಿಡಲೇಬೇಕು, ಅವನು ನಿಮಗೆ ಬಿಡಲಿ ಬಿಡದಿರಲಿ. ಚಕ್ರದ ನಟ್ಟುಗಳನ್ನು ಬೇರೆಯವರು ಬಿಗಿ ಮಾಡಿದ್ದರೂ ಏರುವ ಮುಂಚೆ ನೀವೇ ಮತ್ತೊಮ್ಮೆ ನೋಡಬೇಕು. ಮೊದಲ ಎರಡು ಸುತ್ತು, ಯಾರು ಎಷ್ಟೇ ಮುಂದೆ ಹೋಗಲಿ, ಟೈರು ಕಾಯುವವರೆಗೆ ಕಾಯಬೇಕು.

ಈ ಕೊನೆಯ ಮಾತು ನನ್ನೊಳಗೆ ಬಹಳ ದಿನ ಸುತ್ತು ಹಾಕಿತು. ಕಾಯುವುದು ಎಂದರೆ ಬಿಸಿಯಾಗುವುದು, ಕಾಯುವುದು ಎಂದರೆ ಬರುವವರ ದಾರಿ ನೋಡುವುದು, ಕಾಯುವುದು ಎಂದರೆ ಜೋಪಾನ ಮಾಡುವುದೂ ಹೌದು. ನಮ್ಮ ನುಡಿ ಈ ಮೂರನ್ನೂ ಒಂದೇ ಮಾತಿನಲ್ಲಿಟ್ಟದ್ದು ಆಕಸ್ಮಿಕವಿರಬಹುದು, ಆದರೆ ಹೆಂಡತಿಯ ಕಾಗದಕ್ಕೆ ಕಾಯುತ್ತಿದ್ದವನಿಗೆ ಆಕಸ್ಮಿಕವೆನ್ನಿಸಲಿಲ್ಲ. ಸುಮ್ಮನೆ ಕಾದಾಗ ಮನುಷ್ಯ ಒಣಗುತ್ತಾನೆ. ಸುತ್ತುತ್ತಾ, ದುಡಿಯುತ್ತಾ ಕಾದರೆ ಟೈರಿನಂತೆ ಅವನಿಗೂ ನೆಲದ ಹಿಡಿತ ಸಿಕ್ಕೀತು. ಅಭ್ಯಾಸ ಎನ್ನುವ ಮಾತೂ ಹಾಗೆಯೇ. ಓದುವುದೂ ಅಭ್ಯಾಸ, ರೂಢಿಯಾದದ್ದೂ ಅಭ್ಯಾಸ. ಕೆಟ್ಟರೆ ಮಾತ್ರ ಅದನ್ನು ಚಟ ಎನ್ನುತ್ತೇವೆ. ನನಗೆ ಬೇಸರಪಡುವ ಚಟವಿತ್ತು. ಅದು ಯಾವ ವಾರ ಬಿಟ್ಟುಹೋಯಿತೋ ತಿಳಿಯದು. ದೋಹಾದ ವೃತ್ತಗಳಲ್ಲಿ ಎಡಕ್ಕೆ ಸುತ್ತುವಾಗಲೂ ಈಗ ನಾನು ಹೊರಬೀಳುವ ದಾರಿಯನ್ನು ಮೊದಲೇ ನೋಡುತ್ತಿದ್ದೆ. ವಾರಕ್ಕೊಮ್ಮೆ ಫೋನಿನಲ್ಲಿ ಸಿಗುತ್ತಿದ್ದ ವಿಮಲಾ, “ಏನ್ರೀ, ದನಿ ಬದಲಾಗಿದೆಯಲ್ಲ?” ಎಂದಳು. ರೇಸಿನ ಸಂಗತಿ ಅವಳಿಗೆ ಹೇಳಿರಲಿಲ್ಲ. ಇಲ್ಲಿ ಚಳಿ ಶುರುವಾಗಿದೆ ಎಂದೆ.

ಏಳನೆಯ ವಾರ ನನ್ನನ್ನು ರೇಸಿಗೆ ಬಿಟ್ಟರು. ಫೆಬ್ರವರಿಯ ಹೊತ್ತಿಗೆ ನಾನು ಪೀಟರನ ಹಿಂದೆ ಎರಡನೆಯವನಾಗಿ ಬರತೊಡಗಿದ್ದೆ. ಹೀಗೊಂದು ಬೆಳಿಗ್ಗೆ, ಎಡ ತಿರುವಿನ ನಡುವೆ, ಪೀಟರನ ಕಾರು ಜಾರಿ ಗಿರ್ರನೆ ತಿರುಗಿ ನನಗೆ ಅಡ್ಡಲಾಗಿ ನಿಂತುಬಿಟ್ಟಿತು. ಧೂಳೆದ್ದಿತು. ಅವನು ಕೂತಿದ್ದ ಪಕ್ಕವೇ ನನ್ನ ಎದುರಿಗಿತ್ತು. ಯೋಚಿಸಲು ಹೊತ್ತಿರಲಿಲ್ಲ. ನನ್ನ ಕಣ್ಣು ಮಾತ್ರ ಎಂದಿನಂತೆ ತಿರುವಿನ ಆಚೆಗಿನ ಖಾಲಿ ಜಾಗದಲ್ಲಿತ್ತು, ಕೈ ಅತ್ತಲೇ ಹೋಯಿತು. ಅವನ ಕಾರಿನ ಮುಂಭಾಗಕ್ಕೂ ಕಟ್ಟೆಗೂ ನಡುವೆ ಇದ್ದ ಸಂದಿಯಲ್ಲಿ ನನ್ನ ಕಾರು ತೂರಿಕೊಂಡು ಆಚೆ ಬಂದಿತ್ತು. ನಿಲ್ಲಿಸಿ ಇಳಿದೆ. ಪೀಟರ್ ಬಂದು ನನ್ನ ಕೈ ಹಿಡಿದುಕೊಂಡ, ಬಹಳ ಹೊತ್ತು ಬಿಡಲಿಲ್ಲ.

ಹಸನಬ್ಬ ಆ ತಿರುವಿನ ಪಕ್ಕದಲ್ಲೇ ನಿಂತಿದ್ದರು. ಅವರು ಏನು ಹೇಳುತ್ತಾರೋ ಎಂದು ಎಳೆಯ ಹುಡುಗನ ಹಾಗೆ ಹತ್ತಿರ ಹೋದೆ. ಅವರು ಕೇಳಿದ್ದು, “ಎಂತದು ಗಲಾಟೆ? ಯಾರು ತಿರುಗಿದ್ದು?”

ನಾನು ಅವರ ಎಡಕ್ಕೆ ನಿಂತಿದ್ದೆ. ಅವರು ಇಡೀ ಮುಖವನ್ನು ನನ್ನತ್ತ ತಿರುಗಿಸಿದ ಮೇಲೆ ಮಾತ್ರ ಅವರ ನೋಟ ನನಗೆ ಸಿಕ್ಕಿತು. ಅಷ್ಟು ತಿಂಗಳಿಂದ ನೋಡಿಯೂ ನೋಡದೆ ಬಿಟ್ಟಿದ್ದೆಲ್ಲ ಆಗ ಒಟ್ಟಿಗೆ ನೆನಪಾಯಿತು: ಚಹಾ ಬಗ್ಗಿಸುವಾಗ ಲೋಟದ ಅಂಚಿಗೆ ಬೆರಳಿಡುವುದು, ಸ್ಪ್ಯಾನರು ತೆಗೆದುಕೊಳ್ಳುವ ಮುಂಚೆ ಬೆಂಚನ್ನು ಸವರುವುದು.

“ಸೊಂಟ ಅಲ್ಲ, ಅಲ್ವಾ ಸಾಹೇಬ್ರೇ?” ಎಂದೆ.

“ಎಡಗಣ್ಣು ಪೂರ್ತಿ ಹೋಗಿದೆ. ಬಲದ್ದು ಹೋಗ್ತಾ ಉಂಟು. ನರ ಒಣಗುವುದಂತೆ, ಆಪರೇಶನ್ ಇಲ್ಲವಂತೆ. ಏಪ್ರಿಲ್‌ನಲ್ಲಿ ಊರಿಗೆ ಹೋಗುವುದು. ಯಾರಿಗೂ ಹೇಳಬೇಡಿ.”

ಮಾರ್ಚಿನ ಕೊನೆಯ ಶುಕ್ರವಾರ ಆ ಚಳಿಗಾಲದ ಕಡೆಯ ರೇಸು. ಅದಕ್ಕೆ ನಾಲ್ಕು ದಿನ ಮುಂಚೆ ಗ್ಯಾರೇಜಿಗೆ ಹೋದಾಗ ಹಸನಬ್ಬ ನೀಲಿ ಕಾರಿನ ಕೆಳಗಿಂದ ಹೊರಬಂದು, “ಈ ಸಲ ಗಾಡಿ ನಾನು ತೆಗೆದುಕೊಳ್ತೇನೆ” ಎಂದರು. ಅದು ಅಪ್ಪಣೆ ಕೇಳುವ ದನಿಯಾಗಿರಲಿಲ್ಲ. ಕಾರು ಅವರದು, ವಿದ್ಯೆ ಅವರದು, ಕಾಣುವ ದಿನಗಳಲ್ಲಿ ಉಳಿದಿದ್ದ ಸ್ವಲ್ಪವೂ ಅವರದೇ. ಆದರೆ ಎಡಕ್ಕೇ ಸುತ್ತುವ ದಾರಿಯಲ್ಲಿ ಎಡಗಣ್ಣಿಲ್ಲದವನು ತನ್ನ ಒಳಮಗ್ಗುಲಿಗೆ ಬಂದವನನ್ನು ಕಾಣಲಾರ.

“ಪಕ್ಕದಲ್ಲಿ ಇರೋನಿಗೆ ಜಾಗ ಬಿಡಬೇಕು ಅಂದೋರು ನೀವೇ” ಎಂದೆ. “ಅವನು ಕಾಣದೇ ಇದ್ರೆ ಹೇಗೆ ಬಿಡ್ತೀರಿ?”

“ಶಬ್ದ ಕೇಳ್ತದೆ.”

“ಬೇಡ ಸಾಹೇಬ್ರೇ. ನೀವು ರೇಸಿಗೆ ಇಳಿದ್ರೆ ನಾನು ಪೀಟರ್‌ಗೆ ಹೇಳಬೇಕಾಗುತ್ತೆ.”

ಅವರು ಕೈ ಒರೆಸಿಕೊಂಡು, “ಖಲಾಸ್” ಎಂದಷ್ಟೇ ಹೇಳಿ ಒಳಗೆ ಹೋದರು. ಮುಗಿಯಿತು ಎನ್ನುವ ಆ ಒಂದು ಮಾತಿನಲ್ಲಿ ರೇಸು ಮುಗಿಯಿತೋ ನಮ್ಮ ಸ್ನೇಹವೋ ನನಗೆ ತಿಳಿಯಲಿಲ್ಲ. ಎರಡು ದಿನ ಕಚೇರಿಯಲ್ಲಿ ಗೆರೆ ಎಳೆಯಲಾಗಲಿಲ್ಲ. ನಾನು ಹೇಳಿದ್ದು ಸರಿಯಾಗಿತ್ತು. ಸರಿಯಾದದ್ದನ್ನು ಹೇಳಿದ ಮೇಲೂ ಇಷ್ಟು ಸಂಕಟವಾಗಬಹುದು ಎಂಬುದು ನನಗೆ ಹೊಸತು.

ಗುರುವಾರ ಸಂಜೆ ಮತ್ತೆ ಹೋದೆ. “ನಾಳೆ ಬೇಗ ಹೋಗೋಣ. ಬೆಳಕು ಹರಿಯುವಾಗ ಅಲ್ಲಿ ಯಾರೂ ಇರಲ್ಲ. ನೀವು ಓಡಿಸಿ, ವಾಚ್ ನಾನು ಹಿಡೀತೀನಿ.”

ಅವರು ನನ್ನನ್ನು ನೋಡಲಿಲ್ಲ. “ಎಷ್ಟು ಸುತ್ತು?” ಎಂದರು.

“ಇಪ್ಪತ್ತು.”

ಬೆಳಗಿನ ನಮಾಜು ಮುಗಿಸಿ ಬಂದವರನ್ನು ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ; ನೀಲಿ ಕಾರು ಹಿಂದಿನ ದಿನವೇ ಅಲ್ಲಿಗೆ ಬಂದಿತ್ತು. ಮರಳಿನ ಮೇಲೆ ಇಬ್ಬನಿ ಬಿದ್ದು ನೆಲ ಕಪ್ಪಾಗಿತ್ತು. ನಾಲ್ಕೂ ಚಕ್ರದ ನಟ್ಟುಗಳನ್ನು ಅವರು ಕೈಯಿಂದಲೇ ಮುಟ್ಟಿ ಮುಟ್ಟಿ ನೋಡಿದರು. ಕಿಟಕಿಯಿಂದ ಒಳಗೆ ಇಳಿದು, ಬೆಲ್ಟು ಬಿಗಿದು, ಒಂದು ಕ್ಷಣ ಏನೂ ಮಾಡದೆ ಕೂತರು. ಆಮೇಲೆ ಹೊರಟರು.

ಮೊದಲೆರಡು ಸುತ್ತು ನಿಧಾನ, ಟೈರು ಕಾಯುವವರೆಗೆ. ಮೂರನೆಯದರಿಂದ ನಾನು ಕಂಡದ್ದನ್ನು ನಿಮಗೆ ಹೇಗೆ ಹೇಳಲಿ? ಆ ಕಾರನ್ನು ನಾನು ನೂರಾರು ಸುತ್ತು ಓಡಿಸಿದ್ದೆ, ಅದು ಹಾಗೆ ಹೋಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಗುದ್ದಾಟವಿಲ್ಲ, ಕಿರುಚಾಟವಿಲ್ಲ, ತಿರುವು ಬಂದಾಗ ಎಂಜಿನ್ನಿನ ದನಿ ಉಸಿರು ಬಿಟ್ಟಂತೆ ಇಳಿಯುವುದು, ಮತ್ತೆ ಉಸಿರು ಎಳೆದುಕೊಂಡಂತೆ ಏರುವುದು. ಚಕ್ರ ಪ್ರತಿ ಸಲವೂ ತಾನು ಹಿಂದೆ ತುಳಿದ ಗೆರೆಯನ್ನೇ ತುಳಿಯುತ್ತಿತ್ತು. ನಾನು ವಾಚು ಒತ್ತಿ ಒತ್ತಿ ಬರೆದುಕೊಳ್ಳುತ್ತಿದ್ದೆ; ಸುತ್ತಿಗೂ ಸುತ್ತಿಗೂ ಅರ್ಧ ಸೆಕೆಂಡಿನ ಅಂತರವೂ ಇರಲಿಲ್ಲ, ಒಂದನ್ನು ಬಿಟ್ಟು.

ಇಪ್ಪತ್ತು ಮುಗಿಸಿ ನಿಲ್ಲಿಸಿದಾಗ ಸೂರ್ಯ ಮೇಲೆ ಬಂದಿದ್ದ. ಅವರು ಇಳಿಯಲಿಲ್ಲ. ಕೈ ಸ್ಟೀರಿಂಗಿನ ಮೇಲೇ ಇತ್ತು.

“ಹದಿಮೂರನೆಯದು ತಪ್ಪಿತು ಅಲ್ಲವಾ?” ಎಂದರು.

“ಒಂದು ಸೆಕೆಂಡ್ ಹೆಚ್ಚಾಯ್ತು. ನಿಮಗೆ ಹೇಗೆ ಗೊತ್ತಾಯ್ತು?”

“ಅಲ್ಲಿ ಲೆಕ್ಕ ಹಾಕಿದೆ, ಇನ್ನು ಏಳೇ ಉಳಿಯಿತು ಅಂತ.”

ನಾನು ಬೇರೆ ಕಡೆ ನೋಡಿದೆ. ಅವರು ಮುಂಗೈಯಿಂದ ಮುಖ ಒರೆಸಿಕೊಂಡರು, ಧೂಳು ಬಹಳ ಎಂದರು. ಇಬ್ಬನಿಯಿಂದಾಗಿ ಅಂದು ಧೂಳೇ ಎದ್ದಿರಲಿಲ್ಲ.

ಏಪ್ರಿಲ್‌ನಲ್ಲಿ ಹಸನಬ್ಬ ಊರಿಗೆ ಹೋದರು. ಆ ಬೇಸಿಗೆಯಲ್ಲೇ ಜಾಗದ ಧಣಿ ಅಲ್ಲಿ ಗೋದಾಮುಗಳ ಪಾಯ ತೆಗೆಸಿದ. ಚಳಿಗಾಲಕ್ಕೆ ಮುಂಚೆ ಒಂದು ದಿನ ಬುಕ್ರಾ ಎನ್ನುವುದು ನಿಜವಾಗಿಯೂ ಬಂತು. ವಿಮಲಾ ಮತ್ತು ಮಗಳು ಬಂದಿಳಿದರು, ಮದೀನತ್ ಖಲೀಫಾದಲ್ಲಿ ಮನೆ ಹಿಡಿದೆವು. ನನಗೆ ಬೇಕಾಗಿದ್ದೆಲ್ಲ ಕೈಗೆ ಬಂದಿತ್ತು. ಆದರೂ ಶುಕ್ರವಾರ ಬೆಳಿಗ್ಗೆ ಮಗಳು ಮಡಿಲಲ್ಲಿ ಕೂತಿರುವಾಗ, ದೂರದಲ್ಲಿ ಯಾವುದಾದರೂ ಎಂಜಿನ್ನಿನ ದನಿ ಇಳಿದು ಏರಿದರೆ, ನನ್ನ ಕಿವಿ ಅತ್ತ ಹೋಗುತ್ತಿತ್ತು. ಹಂಬಲಕ್ಕೆ ಒಂದು ಕೊಟ್ಟರೆ ಅದು ಇನ್ನೊಂದರ ಕಡೆಗೆ ತಿರುಗುತ್ತದೆ. ಇದನ್ನು ದುರಾಸೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ನಮ್ಮನ್ನು ಒಂಟಿತನದಿಂದ ದಾಟಿಸಿದವರನ್ನು ಒಂಟಿತನ ಕಳೆದ ಮೇಲೂ ನೆನೆಯುವುದು ಋಣವೇ ಹೊರತು ಆಸೆಯಲ್ಲ.

ಎರಡು ವರ್ಷದ ಮೇಲೆ ರಜೆಗೆ ಬಂದಾಗ, ಬಾಡಿಗೆಯ ಕಾರು ಹಿಡಿದು, ವಿಮಲಾ ಮತ್ತು ಮಗಳೊಡನೆ ಬಂಟ್ವಾಳಕ್ಕೆ ಹೋದೆ. ಹಸನಬ್ಬ ಜಗಲಿಯಲ್ಲಿ ಕೂತಿದ್ದರು. ಈಗ ಅವರಿಗೆ ಬೆಳಕು ಯಾವುದು, ನೆರಳು ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ನನ್ನ ದನಿ ಕೇಳಿ ಎದ್ದುನಿಂತರು. ಮಗಳ ತಲೆಯ ಮೇಲೆ ಕೈಯಿಟ್ಟು, ಎಷ್ಟು ಎತ್ತರ ಇದ್ದಾಳೆಂದು ಅಂದಾಜು ಮಾಡಿದರು. ಊಟವಾದ ಮೇಲೆ, “ಗಾಡಿ ತಂದಿದ್ದೀರಲ್ಲ, ಒಂದು ಸುತ್ತು ಹೋಗುವಾ” ಎಂದರು.

ನದಿಯ ಪಕ್ಕದ ದಾರಿಯಲ್ಲಿ ಹೊರಟೆವು. ಅವರು ನನ್ನ ಪಕ್ಕದಲ್ಲಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಹಳ ಹೊತ್ತಿನ ಮೇಲೆ, “ನಮ್ಮ ಜಾಗದಲ್ಲಿ ಈಗ ಎಂತ ಉಂಟು?” ಎಂದು ಕೇಳಿದರು.

ಸುಳ್ಳು ಹೇಳಲಾಗಲಿಲ್ಲ. “ಗೋದಾಮು ಕಟ್ಟಿದ್ದಾರೆ. ಸುತ್ತಲೂ ಗೋಡೆ.”

ಅವರು ತಲೆಯಾಡಿಸಿದರು. “ನನಗೆ ಅದೆಲ್ಲ ಕಾಣುವುದಿಲ್ಲವಲ್ಲ” ಎಂದರು, ತುಸು ನಕ್ಕರು. “ನನಗೆ ಅದಿನ್ನೂ ಖಾಲಿಯೇ ಉಂಟು.”

ತಿರುಗಿ ಬಂದು ಅವರ ಮನೆಯ ಗೇಟಿನ ಮುಂದೆ ಕಾರು ನಿಲ್ಲಿಸಿದೆ. ಅವರು ಬಾಗಿಲ ಹಿಡಿಗೆ ಕೈ ಹಾಕಿದರು, ತೆರೆಯಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆಹೋಗಿದ್ದಳು. ನಾನು ಕನ್ನಡಿಯಲ್ಲಿ ವಿಮಲಾಳ ಮುಖ ನೋಡಿದೆ. ಅವಳು, ಇದು ಯಾವ ಕಥೆಯೆಂದು ಇನ್ನೂ ಪೂರ್ತಿ ತಿಳಿಯದವಳು, ಹೋಗಿ ಎಂಬಂತೆ ಕಣ್ಣಿನಲ್ಲೇ ಸನ್ನೆ ಮಾಡಿದಳು. ನಾನು ಎಂಜಿನ್ ಆರಿಸಲಿಲ್ಲ. ಕಾರನ್ನು ಹಿಂದಕ್ಕೆ ತೆಗೆದು ಮತ್ತೆ ನದಿಯ ದಾರಿಗೆ ತಿರುಗಿಸಿದೆ. ಹಸನಬ್ಬ ಏನೂ ಕೇಳದೆ, ಬಾಗಿಲ ಹಿಡಿಯಿಂದ ಕೈ ತೆಗೆದು, ಸೀಟಿಗೆ ಬೆನ್ನು ಕೊಟ್ಟು ಒರಗಿಕೊಂಡರು.