ಗ್ರಾಮಸಭೆಯಲ್ಲಿ ಸಿಕ್ಕ ಜೊತೆ

"ನೀವು ಸಿಟಿ ಜನ, ಗ್ರಾಮಸಭೇಲಿ ನಿಮ್ದೇನಮ್ಮ ಕೆಲ್ಸ?" ಎಂದು ಪಂಚಾಯಿತಿ ಸದಸ್ಯರೊಬ್ಬರು ಕೇಳಿದಾಗ ಸಭೆಯೆಲ್ಲ ನಕ್ಕಿತು. ಬೀದಿ ದೀಪ ಕೇಳಲು ಎದ್ದು ನಿಂತಿದ್ದ ನನ್ನ ಕಣ್ಣು ತುಂಬಿ ಬಂತು. ತೊಂಬತ್ತರ ದಶಕದಲ್ಲಿ ನಗರದಂಚಿನ ಚಿಕ್ಕಲಸಂದ್ರದಿಂದಾಚೆ, ಹಳ್ಳಿಯೊಂದರ ಪಂಚಾಯಿತಿಗೆ ಸೇರಿದ, ಹೊಲಗಳ ನಡುವಿನ ಹೊಸ ಬಡಾವಣೆಯಲ್ಲಿ ನಾವು ಮನೆ ಕಟ್ಟಿಕೊಂಡಿದ್ದೆವು. ನಗರದವರಿಗೆ ನಾವು ಹಳ್ಳಿಯವರು, ಹಳ್ಳಿಯವರಿಗೆ ಸಿಟಿಯವರು. ಚುನಾವಣೆಗೆ ನಿಂತವರೂ ನಮ್ಮ ಬೀದಿಗೆ ಬರುತ್ತಿರಲಿಲ್ಲ. ಆದರೂ ನಾನು ಪ್ರತಿ ಸಲ ಹೋಗಿ ವೋಟು ಹಾಕುತ್ತಿದ್ದೆ.

ಮನೆಗೆ ಹೊರಡೋಣವೆಂದು ತಿರುಗಿದಾಗ, ಆ ಊರಿನಲ್ಲಿ ಸೊಪ್ಪು ಬೆಳೆಯುವ ಅಜ್ಜಿಯೊಬ್ಬರು ನನ್ನ ಕೈ ಹಿಡಿದರು. "ಎಲ್ಲಿಗೋಯ್ತೀಯವ್ವ? ನಾನು ಈ ಊರ್ಗೆ ಸೊಸೆಯಾಗ್ ಬಂದು ಮುದ್ಕಿ ಆದೆ, ನನ್ ಮಾತೇ ಇವ್ರು ಕೇಳಕಿಲ್ಲ. ಬಾ, ಇಬ್ರೂ ಸೇರ್ಕಂಡು ಕೂಗಾಣ!"

ಕೂಗಿದೆವು. ಗೋಡೆಗೆ ಒರಗಿ ನಿಂತಿದ್ದ ಹೆಂಗಸರೂ "ದೀಪ ಹಾಕ್ಸಿ" ಎಂದು ದನಿಗೂಡಿಸಿದರು. ಕೊನೆಗೆ ಅಧ್ಯಕ್ಷರು ಕೈಮುಗಿದು, "ಬರ್ಕೊಂಡೆ, ಕೂತ್ಕೊಳ್ರಮ್ಮ" ಎಂದರು. ಅಜ್ಜಿ ಬಿಡಲಿಲ್ಲ. "ಬರ್ದಿದ್ನ ಓದಪ್ಪ, ಕೇಳಾಣ" ಎಂದರು. ಅಧ್ಯಕ್ಷರು ಎಲ್ಲರೆದುರು ಓದಲೇಬೇಕಾಯಿತು. ಈ ಸಲ ನಕ್ಕವರು ನಾವು.

ದೀಪ ಬಂದದ್ದು ಮರುವರ್ಷ, ಅದೂ ಅರ್ಧ ಬೀದಿಗೆ. ನಮ್ಮ ಪರವಾಗಿ ಮಾತಾಡುವವರು ಆಮೇಲೂ ಯಾರೂ ಗೆದ್ದು ಬರಲಿಲ್ಲ. ಆದರೆ ಊರು ನಗರಕ್ಕೆ ಸೇರುವವರೆಗೂ ನಾನು ಒಂದು ಗ್ರಾಮಸಭೆಯನ್ನೂ ತಪ್ಪಿಸಲಿಲ್ಲ. ಸಭೆಯ ದಿನ ಅಜ್ಜಿ ನಮ್ಮ ಗೇಟಿನ ಹತ್ತಿರ ಬಂದು ಕರೆಯುತ್ತಿದ್ದರು. ಇಬ್ಬರೂ ಹೂ ಮುಡಿದು, ಮದುವೆಗೆ ಹೊರಟವರ ಹಾಗೆ ಹೊರಡುತ್ತಿದ್ದೆವು.