ಹದಿನೆಂಟು ಹಾಳೆಗಳ ಮೇಸ್ತ್ರಿ

ಡಿಸೆಂಬರಿನ ಬೆಳಗ್ಗೆ ಕೊಟ್ಟಿಗೆಹಾರದ ಕಡೆಯಿಂದ ಮಂಜು ಎದ್ದು ಬಂದು ಕಾಫಿ ಗಿಡಗಳನ್ನು ಒಂದೊಂದಾಗಿ ಅಳಿಸಿಹಾಕುವಾಗ ಮೇಸ್ತ್ರಿ ಚೌಡಯ್ಯನಿಗೆ ಕಣ್ಣು ಬೇಕಾಗುತ್ತಿರಲಿಲ್ಲ. ಸಾಲುಗಳ ನಡುವೆ ಸುಮ್ಮನೆ ನಿಂತರೆ ಸಾಕು, ಸೊಂಟದ ಚೀಲಕ್ಕೆ ಹಣ್ಣು ಬೀಳುವ ಸದ್ದಿನಲ್ಲೇ ತನ್ನ ಹದಿನೆಂಟು ಹೆಂಗಸರಲ್ಲಿ ಯಾರು ಎಲ್ಲಿದ್ದಾರೆಂದು ತಿಳಿಯುತ್ತಿತ್ತು. ಇಪ್ಪತ್ತಾರು ವರ್ಷದಿಂದ ಅವರನ್ನು ಕೆಲಸಕ್ಕೆ ಕರೆದೊಯ್ಯುತ್ತಿದ್ದವನು ಅವನೇ. ತೋಟದ ಆಳುಗಳು ಸಾಲಾಗಿ ವಾಸವಿರುವ ಲೈನ್ ಮನೆಯಲ್ಲೇ ಹುಟ್ಟಿದವನು. ಹತ್ತನೇ ತರಗತಿಯವರೆಗೆ ಓದಿ, ಲೆಕ್ಕದಲ್ಲಿ ಫೇಲಾಗಿ, ಮತ್ತೆ ಪರೀಕ್ಷೆಗೆ ಕೂರದೆ ತೋಟಕ್ಕಿಳಿದವನು. ಆ ಓದು ಒಂದು ಕೆಲಸಕ್ಕೆ ಬಂತು. ರೇಷನ್ ಕಾರ್ಡ್, ಬ್ಯಾಂಕು, ಆಸ್ಪತ್ರೆ, ಯಾವ ಫಾರಂ ಬಂದರೂ ಲೈನಿನವರು ಅವನ ಮನೆ ಜಗಲಿಗೆ ತಂದಿಡುತ್ತಿದ್ದರು.

ಆ ವರ್ಷ ತೋಟಕ್ಕೆ ಬಸವಪ್ರಸಾದ್ ಎಂಬ ಹೊಸ ಮ್ಯಾನೇಜರ್ ಬಂದಿದ್ದ. ಸಂಕ್ರಾಂತಿ ಕಳೆದ ಮೇಲೆ ಎರಡು ಗ್ಯಾಂಗನ್ನು ಕೂಡಿಸಿ ಒಂದೇ ಮಾಡುತ್ತೇನೆ, ಒಬ್ಬನೇ ಮೇಸ್ತ್ರಿ ಸಾಕು ಎಂದಿದ್ದ. ಇನ್ನೊಂದು ಗ್ಯಾಂಗು ಧರ್ಮೇಶನದು. ಜಾವಳಿ ಕಡೆಯ ಹದಿನಾರು ಹೆಂಗಸರನ್ನು ಅವನು ದಿನಾ ಜೀಪಿನಲ್ಲಿ ಕರೆತರುತ್ತಿದ್ದ. ಇಬ್ಬರಲ್ಲಿ ಒಬ್ಬ ಉಳಿಯಬೇಕು, ಇನ್ನೊಬ್ಬ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಹೋಗಿ ಯಂತ್ರದ ಮುಂದೆ ನಿಲ್ಲಬೇಕು. ಸಾಲುಗಳ ನಡುವೆ ನಿಲ್ಲದ ಬೆಳಗು ಹೇಗಿದ್ದೀತು ಎಂದು ಚೌಡಯ್ಯ ಯೋಚಿಸಲು ಹೋದರೆ, ಯೋಚನೆಗೂ ಮಂಜು ಕವಿಯುತ್ತಿತ್ತು.

ಅದೇ ಹೊತ್ತಿಗೆ ರೇವತಿ ಬಂದಳು. ಗ್ಯಾಂಗಿನ ಹುಚ್ಚಮ್ಮನ ಮಗಳು, ಚಿಕ್ಕಮಗಳೂರಿನಲ್ಲಿ ಎಂ.ಎಸ್.ಡಬ್ಲ್ಯೂ. ಓದುತ್ತಿದ್ದಳು. ಚೀನಾದ ಕಚೇರಿ, ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ತಮ್ಮ ಮೇಲ್ವಿಚಾರಕರ ಮೇಲೆ ಎಷ್ಟು ನಿಷ್ಠೆಯಿದೆ ಎಂದು ಅಳೆಯುತ್ತಾರಂತೆ. ಆ ಬಗೆಯ ಪ್ರಶ್ನೆಗಳನ್ನು ಕನ್ನಡಕ್ಕೆ ತಂದು ತನ್ನ ಪ್ರಾಜೆಕ್ಟ್ ಮಾಡುತ್ತಿದ್ದಳು. ಒಂದು ಹಾಳೆ, ಆರು ವಾಕ್ಯ. ಪ್ರತಿಯೊಂದರ ಮುಂದೆ ಒಂದರಿಂದ ಐದರವರೆಗೆ ಅಂಕ ಹಾಕಬೇಕು. ಸ್ವಲ್ಪವೂ ಒಪ್ಪದಿದ್ದರೆ ಒಂದು, ಪೂರ್ತಿ ಒಪ್ಪಿದರೆ ಐದು. ಗ್ಯಾಂಗುವಾರು ಅಂಕ ತನಗೂ ತೋರಿಸಬೇಕೆಂಬ ಮಾತಿನ ಮೇಲೆ ಮ್ಯಾನೇಜರ್ ಒಪ್ಪಿಗೆ ಕೊಟ್ಟಿದ್ದ.

"ಚೌಡಣ್ಣ, ನಿಮ್ಮೋರಿಗೆ ಐದೈದು ಹಾಕಕ್ಕೆ ಹೇಳಿದ್ರಾ?" ಎಂದು ಧರ್ಮೇಶ ದಾರಿಯಲ್ಲಿ ನಕ್ಕ. "ಆ ಪೇಪರ್ ನೋಡೇ ತೀರ್ಮಾನ ಮಾಡ್ತಾರಂತೆ ಮಾರಾಯ್ರೆ. ನಾನಂತೂ ಪಕ್ಕದಲ್ಲೇ ನಿಂತು ಹಾಕ್ಸಿದೆ."

ಸಂಜೆ ಕಣದಲ್ಲಿ ಚೌಡಯ್ಯ ಕಾಫಿ ಕೆದರುತ್ತಿದ್ದಾಗ ಹೆಂಗಸರೆಲ್ಲ ಬಂದು ರೇವತಿ ಹಂಚಿದ್ದ ಹಾಳೆಗಳ ಕಟ್ಟನ್ನು ಅವನ ಮುಂದಿಟ್ಟರು.

"ಇದು ನೀವೇ ಬರೀಬೇಕಾದ್ದು ಕಣ್ರೇ. ನಾನು ಓದ್ತೀನಿ, ನೀವು ಹೇಳಿ."

"ಎಂತ ಹೇಳೋದು?" ಎಂದಳು ಹುಚ್ಚಮ್ಮ. "ನನ್ ಮಗಳಿಗೆ ಓದಿ ಓದಿ ತಲೆ ಕೆಟ್ಟಿದೆ, ನಿಮ್ಗೂ ಕೆಡ್ಬೇಕಾ? ನಮ್ ವಿಷ್ಯ ನಿಮ್ಗೆ ಗೊತ್ತಿಲ್ವಾ? ಬರ್ದು ಕೊಟ್ಬಿಡಿ. ಒಲೆ ಹಚ್ಬೇಕು ನಂಗೆ."

ಅವರು ಹೊರಟೇಹೋದರು. ಕಣದ ತುಂಬ ಹರಡಿದ ಹಣ್ಣಿನ ಮೇಲೆ ಬಿಸಿಲು ಜೇನಿನಂತೆ ನಿಧಾನ ಇಳಿಯುತ್ತಿತ್ತು. ಹುಳಿಹುಳಿ ಸಿಹಿ ವಾಸನೆ. ಹೆಸರು ಬರೆಯಬಾರದು ಎಂದು ಹಾಳೆಯ ಮೇಲೇ ಅಚ್ಚಾಗಿತ್ತು. ಆದರೆ ಹೆಸರಿಲ್ಲದ ಫಾರಮ್ಮನ್ನು ಅವನು ಇವತ್ತಿನವರೆಗೆ ತುಂಬಿದವನಲ್ಲ. ಮೂಲೆಯಲ್ಲಿ ಸಣ್ಣದಾಗಿ 'ಹುಚ್ಚಮ್ಮ' ಎಂದು ಬರೆದ.

'ನನ್ನ ಮೇಲ್ವಿಚಾರಕರನ್ನು ಯಾರಾದರೂ ಟೀಕಿಸಿದರೆ ನನಗೇ ಅವಮಾನವಾದಂತೆ ಅನಿಸುತ್ತದೆ.'

ಕಣ್ಣು ಮುಚ್ಚಿದ. ಹುಚ್ಚಮ್ಮ ಸೆರಗು ಸಿಕ್ಕಿಸಿಕೊಂಡು ಎದುರಿಗೇ ಬಂದು ನಿಂತಳು. ತನ್ನನ್ನು ಈ ತೋಟದಲ್ಲಿ ಎಲ್ಲರಿಗಿಂತ ಹೆಚ್ಚು ಟೀಕಿಸುವವಳು ಅವಳೇ. ಒಂದು ಹಾಕಿದ. 'ಅವರು ಬೇರೆ ಕಡೆ ಹೋದರೆ ನಾನೂ ಹೋಗುತ್ತೇನೆ.' ಲೈನ್ ಮನೆಯ ಹಿಂದೆ ಅವಳು ನೆಟ್ಟ ಸೀಬೆ ಮರ ಕಂಡಿತು, ಅದರ ಕೆಳಗೆ ಕಟ್ಟಿದ ಕರು ಕಂಡಿತು. ಎಲ್ಲಿಗೆ ಹೋಗುತ್ತಾಳೆ? ಒಂದು. 'ಅವರ ಯಶಸ್ಸೇ ನನ್ನ ಯಶಸ್ಸು.' ಮೇಸ್ತ್ರಿಗೆ ಯಶಸ್ಸು ಅಂದರೆ ಏನೆಂದು ಅವನಿಗೇ ಹೊಳೆಯಲಿಲ್ಲ. ಎರಡು.

ಹೀಗೆ ಒಬ್ಬೊಬ್ಬಳೂ ಬಂದು ಎದುರು ನಿಂತು, ಅಂಕ ಹೇಳಿ, ಬಿಸಿಲಿನೊಳಗೆ ಕರಗಿಹೋದಳು. ಧರ್ಮೇಶನ ಮಾತು ಅವನಿಗೆ ಮರೆತಿರಲಿಲ್ಲ. ಐದು ಎಂದು ಗೀಚಲು ಪೆನ್ನು ಒಂದೆರಡು ಸಲ ಹೋಯಿತು ಕೂಡ. ಆಗೆಲ್ಲ ಎದುರಿಗಿದ್ದ ಹೆಂಗಸು ಕಣ್ಣು ಅರಳಿಸಿ ನೋಡಿದಂತಾಗಿ ಕೈ ಹಿಂದೆ ಬಂತು. ಕೆಲವರಿಗೆ ಮೂರು ಬಂತು, ಒಬ್ಬಳಿಗೆ ಮಾತ್ರ ಒಂದು ಕಡೆ ನಾಲ್ಕು.

ಮೂರು ದಿನ ಬಿಟ್ಟು ರೇವತಿ ಅವನನ್ನು ಹುಡುಕಿಕೊಂಡು ಬಂದಳು. ಮುಖ ಬಾಡಿತ್ತು.

"ಮಾವ, ಹದಿನೆಂಟೂ ನೀವೇ ಬರ್ದಿದೀರಿ. ಮೂಲೇಲಿ ಹೆಸ್ರು ಬೇರೆ! ಧರ್ಮೇಶಣ್ಣನ ಗ್ಯಾಂಗಿಗೆ ಎಲ್ಲಾ ಐದು. ನಿಮ್ದು ಸರಾಸರಿ ಎರಡೂ ದಾಟಿಲ್ಲ. ನಿಮ್ಗೆ ನೀವೇ ಹಿಂಗೆ ಮಾಡ್ಕೊಂಡ್ರಲ್ಲ!"

"ನಂದಲ್ವಲ್ಲ ತಾಯಿ ಅದು, ಅವರ ಪೇಪರ್ರು. ಅವರಿಗೆ ಅನ್ಸಿದ್ದು ಬರೀಬೇಕಲ್ಲ?"

"ಅವ್ರಿಗೆ ಅನ್ಸಿದ್ದು ನಿಮ್ಗೆ ಹೆಂಗೆ ಗೊತ್ತು?"

ಅವಳೇ ಚೀಲದಿಂದ ಇನ್ನೊಂದು ಕಟ್ಟು ತೆಗೆದಳು. ಹೊಸ ಹಾಳೆಗಳನ್ನು ತಂದಿದ್ದೇನೆ, ಈ ಸಲ ನಾನೇ ಕೇಳಿ ಬರೆದುಕೊಳ್ಳುತ್ತೇನೆ, ನೀವು ಹತ್ತಿರ ಬರಬೇಡಿ ಎಂದಳು. ಅವನು ಹತ್ತು ಸಾಲಿನಾಚೆ ಹೋಗಿ ನಿಂತ. ಆದರೆ ಅವತ್ತು ಮಂಜು ದಟ್ಟವಾಗಿತ್ತು. ಮಂಜಿನಲ್ಲಿ ಮಾತು ಎಲ್ಲಿ ಹುಟ್ಟಿತೋ ಅಲ್ಲಿ ನಿಲ್ಲುವುದಿಲ್ಲ, ಕಿವಿಯ ಪಕ್ಕಕ್ಕೇ ಬಂದುಬಿಡುತ್ತದೆ.

"ಅವ್ರನ್ನ ಬೈದ್ರೆ ನಂಗೆ ಅವಮಾನವಾ?" ಹುಚ್ಚಮ್ಮನ ದನಿ. "ನಾನೇ ದಿನಾ ಬೈತೀನಲ್ಲೇ. ಒಂದು ಹಾಕು."

"ಬೇರೆ ತೋಟಕ್ಕೆ ಹೋದ್ರೆ ಜೊತೇಲಿ ಹೋಗ್ತೀಯಾ ಅಮ್ಮಾ?"

"ಕರು ನೀನು ನೋಡ್ಕೋತೀಯಾ? ಒಂದು ಹಾಕು. ಅದಿರ್ಲಿ, ಅವ್ರನ್ನ ಕಳ್ಸೋದಾದ್ರೂ ಯಾಕೆ ಅಂತ ಕೇಳೋ ಪ್ರಶ್ನೆ ಇಲ್ವಾ ಇದ್ರಲ್ಲಿ?"

"ಇಲ್ಲ."

"ಹಂಗಾದ್ರೆ ಸುಡು ಅದನ್ನ."

ಎಲ್ಲರೂ ನಕ್ಕರು. ನಗು ಬೆಳ್ಳಗೆ ಗಿಡದಿಂದ ಗಿಡಕ್ಕೆ ಹೋಯಿತು. ಚೌಡಯ್ಯ ನೆರಳುಮರಕ್ಕೆ ಒರಗಿ, ಒಬ್ಬೊಬ್ಬರ ಅಂಕವನ್ನು ಅವರು ಹೇಳುವ ಮೊದಲೇ ತುಟಿಯಲ್ಲಿ ಆಡಿಕೊಳ್ಳುತ್ತಿದ್ದ. ಬೇಸರವಾಗಬೇಕಿತ್ತು; ಕೆಲಸ ಕೈಬಿಟ್ಟು ಹೋಗುತ್ತಿರುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೆ ಎದೆಯೊಳಗೆ ಏನೋ ಹಗುರವಾಗಿ ತೇಲುತ್ತಿತ್ತು.

ಮರುದಿನ ಆಫೀಸಿನಲ್ಲಿ ರೇವತಿ ಧರ್ಮೇಶನ ಗ್ಯಾಂಗಿನ ಕಟ್ಟಿನ ಪಕ್ಕ ಚೌಡಯ್ಯನ ಗ್ಯಾಂಗಿನ ಎರಡು ಕಟ್ಟು ಹಾಳೆಗಳನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನು ಮುಚ್ಚಿಡದೆ ಹೇಳಿದಳು. ಬಾಗಿಲ ಹತ್ತಿರ ಚೌಡಯ್ಯ ಟೋಪಿ ಹಿಡಿದು ನಿಂತಿದ್ದ.

"ಮೊದಲನೇದು ಇವರು ಬರ್ದಿದ್ದು ಸಾರ್. ಎರಡನೇದು ಅವರೇ ಹೇಳಿದ್ದು, ಹೋಲಿಸಿ ನೋಡೋಕೆ ನಾನೂ ಮೂಲೇಲಿ ಹೆಸ್ರು ಹಾಕಿದೀನಿ. ಹದಿನೆಂಟರಲ್ಲಿ ಹದಿನೈದು ಹಾಳೆ ಒಂದೇ ಥರ ಇದೆ."

ಬಸವಪ್ರಸಾದ್ ಹಾಳೆಗಳನ್ನು ಜೋಡಿಜೋಡಿಯಾಗಿ ಇಟ್ಟು ನೋಡಿದ. ಆಮೇಲೆ ಧರ್ಮೇಶನ ಕಟ್ಟನ್ನು ತೆಗೆದು ಐದುಗಳ ಮೇಲೆ ಬೆರಳಾಡಿಸಿದ.

"ಕೆಲಸ ಹೋಗುತ್ತೆ ಅಂತ ಗೊತ್ತಿತ್ತಾ ಚೌಡಯ್ಯ?"

"ಗೊತ್ತಿತ್ತು ಸಾರ್."

"ಇಷ್ಟು ಜನರನ್ನ ಹಿಂಗೆ ಬಲ್ಲೋರಿಗೆ ಎಷ್ಟು ಅಂಕ ರೇವತಿ?"

"ಅದಕ್ಕೆ ಪ್ರಶ್ನೆ ಇಲ್ಲ ಸಾರ್. ನಮ್ಮ ಗೈಡನ್ನ ಕೇಳ್ಬೇಕು."

ಮ್ಯಾನೇಜರ್ ಮೂರೂ ಕಟ್ಟುಗಳನ್ನು ಜೋಡಿಸಿ ರೇವತಿಯ ಕಡೆಗೆ ಸರಿಸಿದ. ಸಂಕ್ರಾಂತಿಯಾದ ಮೇಲೆ ಎರಡೂ ಗ್ಯಾಂಗು ಚೌಡಯ್ಯನಿಗೆ ಎಂದ. ಧರ್ಮೇಶನಿಗೆ ಪಲ್ಪರ್ ಮನೆ ಬಂತು. ಎರಡು ದಿನ ಮುಖ ತಿರುಗಿಸಿ ಓಡಾಡಿ, ಮೂರನೇ ದಿನ, "ಜಾವಳಿಯೋರು ಸುಲಭಕ್ಕೆ ಬಗ್ಗಲ್ಲ ಚೌಡಣ್ಣ, ಹುಷಾರು" ಎಂದು ತಾನೇ ಬಂದು ಹೇಳಿದ.

ಸಂಕ್ರಾಂತಿಯ ಮರುದಿನ ಬೆಳಗ್ಗೆ ಜಾವಳಿಯ ಹದಿನಾರು ಜನ ಜೀಪಿನಿಂದಿಳಿದು ಚೀಲ ಕಟ್ಟಿಕೊಳ್ಳುತ್ತಿದ್ದರು. ಚೌಡಯ್ಯನಿಗೆ ಅವರಲ್ಲಿ ಒಬ್ಬರೂ ಗೊತ್ತಿರಲಿಲ್ಲ. ಮೊದಲನೆಯವಳ ಹತ್ತಿರ ಹೋದ.

"ನಿನ್ನ ಹೆಸ್ರೇನಮ್ಮ?"

"ಭವ್ಯಾ." ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹದಿನಾರು ಹೆಸ್ರು ಒಂದೇ ದಿನಕ್ಕೆ ನೆನಪಿರುತ್ತಾ ಮೇಸ್ತ್ರೇ?"

"ಇಲ್ಲ," ಎಂದ ಚೌಡಯ್ಯ. "ನಾಳೆ ಇನ್ನೊಂದ್ಸಲ ಕೇಳ್ತೀನಿ."